ಗೇರ್ ಬಾಕ್ಸ್ ಆಯಿಲ್ ತೀರಾ ಜಾರಿದರೂ ಕಷ್ಟ

ಪಿಕಪ್ ಇಟ್ಟುಕೊಂಡವರು ಇಂಜಿನ್ ಆಯಿಲ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾರೆ. ಗೇರ್ ಬಾಕ್ಸ್ ಆಯಿಲ್ ಯಾವಾಗ ಬದಲಾಯಿಸಿದಿರಿ ಅಂತ ಕೇಳಿ ನೋಡಿ, ಮುಖ ಮುಖ ನೋಡುತ್ತಾರೆ. ಅವರದೂ ತಪ್ಪಿಲ್ಲ ಬಿಡಿ. ಇಂಜಿನ್ನಿಗೆ ಇರುವಂಥ ಎಚ್ಚರಿಕೆ ದೀಪ ಇದಕ್ಕಿಲ್ಲ, ಅಳತೆ ಕಡ್ಡಿಯೂ ಸಾಮಾನ್ಯವಾಗಿ ಇರುವುದಿಲ್ಲ. ಆದರೆ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಸೆಕೆಂಡ್ ಗೇರ್ ಬೀಳಲು ಹಟ ಮಾಡಿ, ಸ್ವಲ್ಪ ದೂರ ಓಡಿದ ಮೇಲೆ ಸಲೀಸಾಗಿ ಬೀಳುತ್ತದೆ ಅಂದರೆ, ಏನನ್ನಾದರೂ ಬಿಚ್ಚಿಸುವ ಮೊದಲು ಆಯಿಲ್ ನೋಡಿ.

ಆಯಿಲ್ ಅಂದರೆ ಜಾರಬೇಕು, ಹೆಚ್ಚು ಜಾರಿದಷ್ಟೂ ಒಳ್ಳೆಯದು ಅಂತ ತುಂಬಾ ಜನ ನಂಬಿದ್ದಾರೆ. ಮ್ಯಾನುಯಲ್ ಗೇರ್ ಬಾಕ್ಸ್ ವಿಷಯದಲ್ಲಿ ಇದು ಸುಳ್ಳು. ನೀವು ಲಿವರ್ ತಳ್ಳಿದಾಗ ಸಿಂಕ್ರೊನೈಸರ್ ಅನ್ನುವ ರಿಂಗ್ ಗೇರಿನ ಕೋನ್ ಮೇಲೆ ಒತ್ತಿಕೊಳ್ಳುತ್ತದೆ, ಉಜ್ಜಿ ಉಜ್ಜಿ ಎರಡರ ವೇಗವನ್ನೂ ಒಂದು ಮಾಡುತ್ತದೆ, ಆಮೇಲೆ ಹಲ್ಲು ಕೂರುತ್ತದೆ. ಉಜ್ಜಬೇಕಾದರೆ ಹಿಡಿತ ಬೇಕು, ಅಲ್ವಾ? ಆಯಿಲ್ ತೀರಾ ಜಾರಿದರೆ ರಿಂಗ್ ಹಿಡಿಯುವುದಿಲ್ಲ, ಗೇರ್ ಕರ್ ಅನ್ನುತ್ತದೆ. ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್‌ಗೆ (ಆಕ್ಸಲ್‌ನಲ್ಲಿ ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯುವ ಭಾಗ) ಅಂತ ಮಾಡಿದ, ಜಾರಿಕೆ ಹೆಚ್ಚಿಸುವ ರಾಸಾಯನಿಕ ಬೆರೆಸಿದ ಆಯಿಲ್ಲನ್ನು ಇಲ್ಲಿ ಹಾಕಬಾರದು ಅನ್ನುವುದು ಇದಕ್ಕೇ.

ಇನ್ನು ಜಿಎಲ್-4, ಜಿಎಲ್-5 ಜಗಳ. ಇವು ಗೇರ್ ಆಯಿಲ್ ಡಬ್ಬಿಯ ಮೇಲೆ ಬರೆದಿರುವ ದರ್ಜೆಗಳು, ಯಾವ ಕೆಲಸಕ್ಕೆ ಯಾವ ಆಯಿಲ್ ಅಂತ ಹೇಳುತ್ತವೆ. 5 ದೊಡ್ಡದು, ಹಾಗಾಗಿ 4ಕ್ಕಿಂತ ಮೇಲು ಅಂತ ಲೆಕ್ಕ ಹಾಕಬೇಡಿ. ಜಿಎಲ್-5 ಇರುವುದು ಹಿಂದಿನ ಆಕ್ಸಲ್‌ನ ಹೈಪಾಯ್ಡ್ ಗೇರುಗಳಿಗೆ. ಅಲ್ಲಿ ಹಲ್ಲುಗಳು ಭಾರಿ ಒತ್ತಡದಲ್ಲಿ ಒಂದರ ಮೇಲೊಂದು ಜಾರುತ್ತವೆ, ಲೋಹಕ್ಕೆ ಲೋಹ ತಾಗದಂತೆ ಗಂಧಕ ಮತ್ತು ರಂಜಕದ ರಾಸಾಯನಿಕಗಳನ್ನು ಜಾಸ್ತಿ ಬೆರೆಸಿರುತ್ತಾರೆ. ಅವು ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನಬಹುದು, ಮತ್ತು ಎಷ್ಟೋ ಗೇರ್ ಬಾಕ್ಸ್‌ಗಳ ಸಿಂಕ್ರೊ ರಿಂಗ್ ಹಿತ್ತಾಳೆಯದ್ದೇ. ಹಿತ್ತಾಳೆಗೆ ತೊಂದರೆ ಕೊಡದ ಜಿಎಲ್-5 ಆಯಿಲ್‌ಗಳೂ ಈಗ ಇವೆ, ಎರಡರಲ್ಲಿ ಯಾವುದಾದರೂ ಆಗಬಹುದು ಅನ್ನುವ ಕಂಪನಿಗಳೂ ಇವೆ. ಗಾಡಿಯ ಜೊತೆ ಬಂದ ಪುಸ್ತಕ ಜಿಎಲ್-4 ಅಂತ ಮಾತ್ರ ಹೇಳಿದರೆ ನಾನಂತೂ ಅದನ್ನೇ ಹಾಕುತ್ತೇನೆ. ಸುಮ್ನೆ ಯಾಕೆ ಪ್ರಯೋಗ.

ದಪ್ಪದ ನಂಬರಿನಲ್ಲೂ ಒಂದು ಮೋಸ ಇದೆ. ಗೇರ್ ಆಯಿಲ್‌ಗೂ ಇಂಜಿನ್ ಆಯಿಲ್‌ಗೂ ಅಳತೆಯ ಪಟ್ಟಿ ಬೇರೆ ಬೇರೆ. 75ಡಬ್ಲ್ಯೂ-90 ಕೇಳಲು ಜೇನಿನಷ್ಟು ದಪ್ಪ ಅನ್ನಿಸುತ್ತದೆ, ಆದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದು ಹೆಚ್ಚುಕಮ್ಮಿ 40 ಗ್ರೇಡಿನ ಇಂಜಿನ್ ಆಯಿಲ್‌ನಷ್ಟೇ. ಎಲ್ಲ ಗೇರ್ ಬಾಕ್ಸ್‌ಗೂ ಗೇರ್ ಆಯಿಲ್ಲೇ ಬೇಕು ಅಂತಲೂ ಇಲ್ಲ. ಹಳೆಯ ಫೋರ್ಡ್ ರೇಂಜರ್‌ನ ಎಂ5ಒಡಿ ಐದು ಗೇರಿನ ಬಾಕ್ಸ್‌ಗೆ ಕಂಪನಿ ಹೇಳಿದ್ದು ಮರ್ಕಾನ್, ಅಂದರೆ ಆಟೋಮ್ಯಾಟಿಕ್ ಗಾಡಿಗೆ ಹಾಕುವ ತೆಳು ಕೆಂಪು ಆಯಿಲ್. ಡಾಡ್ಜ್ ರಾಮ್‌ನ ಎನ್‌ವಿ4500 ಬಾಕ್ಸ್‌ಗೋ 75ಡಬ್ಲ್ಯೂ-85 ಸಿಂಥೆಟಿಕ್. ಎರಡೂ ಮ್ಯಾನುಯಲ್, ಎರಡೂ ಪಿಕಪ್. ಇದರದ್ದನ್ನು ಅದಕ್ಕೆ ಹಾಕಿದರೆ ಕಥೆ ಮುಗಿಯಿತು. ಪಕ್ಕದವರ ಗಾಡಿ ನೋಡಿ ಆಯಿಲ್ ತರಬೇಡಿ.

ಬದಲಾಯಿಸುವ ಕೆಲಸ ಸುಲಭ. ಒಂದೇ ಒಂದು ನಿಯಮ ಮರೆಯಬಾರದು: ಮೊದಲು ಆಯಿಲ್ ತುಂಬುವ ಮೇಲಿನ ಫಿಲ್ ಪ್ಲಗ್ ಸಡಿಲ ಮಾಡಿ, ಆಮೇಲೆ ಆಯಿಲ್ ಇಳಿಸುವ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಿ. ಆಯಿಲ್ ಪೂರ್ತಿ ಇಳಿಸಿದ ಮೇಲೆ ಫಿಲ್ ಪ್ಲಗ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ, ಗಾಡಿ ಅಲ್ಲಾಡಿಸುವ ಹಾಗೂ ಇಲ್ಲ. ಪ್ಲಗ್ಗಿನ ಸುತ್ತಲಿನ ಮಣ್ಣನ್ನು ವೈರ್ ಬ್ರಷ್‌ನಿಂದ ಉಜ್ಜಿ ತೆಗೆಯಿರಿ, ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಸ್ವಲ್ಪ ಹೊತ್ತು ಬಿಡಿ, ಸರಿಯಾಗಿ ಕೂರುವ ಸಾಕೆಟ್ಟನ್ನೇ ಹಾಕಿ. ಸಡಿಲ ಸ್ಪ್ಯಾನರ್ ಹಾಕಿ ಎಳೆದರೆ ಮೂಲೆ ಉರುಟಾಗುತ್ತದೆ.

ಸ್ವಲ್ಪ ಓಡಿಸಿ ಆಯಿಲ್ ಬೆಚ್ಚಗಾದ ಮೇಲೆ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪ್ ಸುಡುತ್ತಿರುತ್ತದೆ, ಮೊಣಕೈ ಜೋಪಾನ. ಗಾಡಿ ಮಟ್ಟವಾಗಿ ನಿಂತಿರಬೇಕು, ಎತ್ತಿದ್ದರೆ ನಾಲ್ಕೂ ಕಡೆ ಸ್ಟ್ಯಾಂಡ್ ಇರಬೇಕು. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ.

ನನಗೆ ಇಷ್ಟವಾದ ಭಾಗ ಡ್ರೈನ್ ಪ್ಲಗ್ಗಿನ ತುದಿಯ ಮ್ಯಾಗ್ನೆಟ್ ನೋಡುವುದು. ಎಲ್ಲ ಗಾಡಿಯಲ್ಲೂ ಇರುವುದಿಲ್ಲ, ಇದ್ದರೆ ಅದರ ಮೇಲೆ ಬೂದು ಬಣ್ಣದ ಪೇಸ್ಟ್ ಕೂತಿರುತ್ತದೆ. ಎರಡು ಬೆರಳಿನ ನಡುವೆ ತಿಕ್ಕಿ ನೋಡಿ. ನುಣ್ಣಗೆ ಕಾಡಿಗೆಯ ಹಾಗೆ ಹರಡಿದರೆ ಅದು ಮಾಮೂಲಿ ಸವೆತ. ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಆಯಿಲ್ ಬದಲಾಯಿಸಿ ಪ್ರಯೋಜನವಿಲ್ಲ, ಬಾಕ್ಸ್ ಬಿಚ್ಚಬೇಕು. ಹಳೆಯ ಆಯಿಲ್ಲನ್ನು ಬಿಸಿಲಿಗೆ ಹಿಡಿದಾಗ ಚಿನ್ನದ ಪುಡಿಯ ಹಾಗೆ ಮಿನುಗಿದರೆ ಅದು ಹಿತ್ತಾಳೆ, ಅದು ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಸ್ವಲ್ಪ ಇದ್ದರೆ ಗಾಬರಿ ಬೇಡ, ತುಂಬಾ ಇದ್ದರೆ ಸಿಂಕ್ರೊ ರಿಂಗ್ ಸವೆಯುತ್ತಿದೆ ಅಂತ ಅರ್ಥ.

ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ, ಕೈಪಂಪಿನಿಂದ ಹೊಸ ಆಯಿಲ್ ತುಂಬಿ. ಹೆಚ್ಚಿನ ಬಾಕ್ಸ್‌ಗಳಲ್ಲಿ ಫಿಲ್ ತೂತಿನಿಂದ ತೊಟ್ಟಿಕ್ಕಲು ಶುರುವಾದರೆ ಮಟ್ಟ ಸರಿ ಇದೆ ಅಂತ. ಇನ್ನೂ ಸ್ವಲ್ಪ ಇರಲಿ ಅಂತ ಗಾಡಿ ಓರೆ ಮಾಡಿ ತುಂಬಿಸುವವರನ್ನು ನೋಡಿದ್ದೇನೆ, ಅಂಥ ಆಯಿಲ್ ಕೊನೆಗೆ ಸೀಲಿನಿಂದ ಜಿನುಗಿ ಕ್ಲಚ್ ಪ್ಲೇಟಿಗೆ ಹೋದರೂ ಹೋಯಿತು.

ಫೋರ್ ವೀಲ್ ಡ್ರೈವ್ ಆದರೆ ಗೇರ್ ಬಾಕ್ಸ್ ಹಿಂದೆಯೇ ಟ್ರಾನ್ಸ್‌ಫರ್ ಕೇಸ್, ಅಂದರೆ ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಹಂಚುವ ಪೆಟ್ಟಿಗೆ ಇರುತ್ತದೆ. ಸಾಮಾನ್ಯವಾಗಿ ಅದರ ಪ್ಲಗ್ ಬೇರೆ, ಆಯಿಲ್ಲೂ ಬೇರೆ ಇರಬಹುದು. ಸ್ಪ್ಯಾನರ್ ಹಾಕುವ ಮೊದಲು ಯಾವ ಪ್ಲಗ್ ಯಾವುದರದ್ದು ಅಂತ ಪುಸ್ತಕದ ಚಿತ್ರದಲ್ಲಿ ನೋಡಿಕೊಳ್ಳಿ.