ಮೂರು ಬಣ್ಣಗಳಲ್ಲಿ ಒಂದೇ ದಂಧೆ

ಸ್ಟೀವನ್ ಸೋಡರ್‌ಬರ್ಗ್ ನಿರ್ದೇಶನದ ‘ಟ್ರಾಫಿಕ್’ (2000) ಚಿತ್ರವನ್ನು ಮತ್ತೊಮ್ಮೆ ನೋಡಿದೆ. ಮೊದಲ ಸಲ ಅಷ್ಟೊಂದು ಪಾತ್ರಗಳ ನಡುವೆ ಯಾರ ಬೆನ್ನು ಹಿಡಿಯಬೇಕೆಂದು ತಿಳಿಯದೆ ತಬ್ಬಿಬ್ಬಾಗಿದ್ದೆ; ಈ ಸಲ, ಯಾರನ್ನೂ ನಾಯಕನ ಪೀಠದಲ್ಲಿ ಕೂರಿಸದಿರುವುದೇ ಅದರ ಧೈರ್ಯವೆಂದು ಅನ್ನಿಸಿತು.

1989ರ ಬ್ರಿಟಿಷ್ ದೂರದರ್ಶನ ಸರಣಿಯೊಂದು ಇದರ ಮೂಲ. ಅಲ್ಲಿ ಪಾಕಿಸ್ತಾನದಿಂದ ಯುರೋಪಿಗೆ ಸಾಗುವ ಹೆರಾಯಿನ್ ಇತ್ತು; ಇಲ್ಲಿರುವುದು ಮೆಕ್ಸಿಕೊದ ಗಡಿ ದಾಟುವ ಕೊಕೇನ್. ಮೆಕ್ಸಿಕೊದ ದೃಶ್ಯಗಳಿಗೆ ಸುಡುವ ಹಳದಿ, ಒಹಾಯೊ ಮತ್ತು ವಾಷಿಂಗ್ಟನ್ನಿಗೆ ತಣ್ಣನೆಯ ನೀಲಿ, ಸ್ಯಾನ್ ಡಿಯಾಗೊಗೆ ಸಹಜವಾದ ಬೆಳಕು. ಪೀಟರ್ ಆಂಡ್ರ್ಯೂಸ್ ಎಂಬ ಹೆಸರಿನಲ್ಲಿ ಕ್ಯಾಮೆರಾ ಹಿಡಿದವರೂ ಸೋಡರ್‌ಬರ್ಗ್ ಅವರೇ. ಈ ಬಣ್ಣಗಳು ಊರನ್ನು ಗುರುತಿಸಲು ನೆರವಾಗುತ್ತವೆ ನಿಜ, ಆದರೆ ಒಂದೇ ಸರಕಿನಿಂದ ಬೆಸೆದುಕೊಂಡವರು ಪರಸ್ಪರರನ್ನು ಅರಿಯದೆಯೇ ಬದುಕುವುದನ್ನು ಅವು ಮಾತಿಲ್ಲದೆ ತೋರಿಸುತ್ತವೆ ಎಂಬುದು ನನಗೆ ಹೆಚ್ಚು ಮುಖ್ಯವೆನಿಸಿತು.

ಮೈಕಲ್ ಡಗ್ಲಸ್ ಅವರ ನ್ಯಾಯಾಧೀಶ ವೇಕ್‌ಫೀಲ್ಡ್, ದೇಶದ ಮಾದಕದ್ರವ್ಯ ನಿಗ್ರಹದ ಹೊಣೆ ಹೊತ್ತು ವಿಮಾನದಲ್ಲಿ ಕುಳಿತು, ಯಾರ ಬಳಿಯಾದರೂ ಹೊಸ ಆಲೋಚನೆ ಇದ್ದರೆ ಹೇಳಿ ಎಂದು ಅಧಿಕಾರಿಗಳನ್ನು ಕೇಳುತ್ತಾನೆ. ಯಾರೂ ಬಾಯಿ ಬಿಡುವುದಿಲ್ಲ. ಅದೇ ಹೊತ್ತಿಗೆ ಅವನ ಮಗಳು ವ್ಯಸನದಲ್ಲಿ ಮುಳುಗುತ್ತಿದ್ದಾಳೆ. ಗುಂಡಿನ ಸದ್ದುಗಳಿಗಿಂತ ವಿಮಾನದ ಆ ಮೌನವೇ ನನ್ನನ್ನು ಹೆಚ್ಚು ಕಲಕಿತು.

ಗಡಿಯ ಆಚೆ ಜನರಲ್ ಸಲಜಾರ್, ಟಿಹುವಾನಾದ ಕಾರ್ಟೆಲ್ ಅನ್ನು, ಅಂದರೆ ಮಾದಕದ್ರವ್ಯ ಸಾಗಿಸುವ ಸಂಘಟಿತ ಗುಂಪನ್ನು, ಬೇಟೆಯಾಡುತ್ತಲೇ ಅದರ ಎದುರಾಳಿಗಳ ಪರವಾಗಿ ದುಡಿಯುತ್ತಿರುತ್ತಾನೆ. ಇದು ಅತಿರೇಕದ ಕಲ್ಪನೆಯಲ್ಲ: ಮೆಕ್ಸಿಕೊದ ಮಾದಕದ್ರವ್ಯ ನಿಗ್ರಹದ ಮುಖ್ಯಸ್ಥರಾಗಿದ್ದ ಜನರಲ್ ಗುಟಿಯೆರೆಸ್ ರೆಬೋಲೊ, ಹುವಾರೆಸ್ ಕಾರ್ಟೆಲ್ ಜೊತೆಗಿನ ನಂಟಿನ ಆರೋಪದಲ್ಲಿ 1997ರಲ್ಲಿ ಬಂಧನಕ್ಕೊಳಗಾಗಿದ್ದರು.

ಕ್ಯಾಥರೀನ್ ಝೀಟಾ ಜೋನ್ಸ್ ಅವರ ಹೆಲೆನಾ, ಗಂಡನ ಬಂಧನದ ಬಳಿಕ ಅವನ ದಂಧೆಯನ್ನು ಕೈಗೆತ್ತಿಕೊಳ್ಳುವ ವೇಗ ಮಾತ್ರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆ ಮನಸ್ಸು ಗಟ್ಟಿಯಾಗುವ ಕ್ಷಣಗಳನ್ನು ಇನ್ನಷ್ಟು ಕಾಣಬೇಕಿತ್ತು.

ಚಿತ್ರಕ್ಕೆ ದೊರೆತ 4 ಆಸ್ಕರ್‌ಗಳಲ್ಲಿ ಒಂದು ಬೆನಿಸಿಯೊ ಡೆಲ್ ಟೊರೊ ಅವರದು. ಹೆಚ್ಚಾಗಿ ಸ್ಪ್ಯಾನಿಷಿನಲ್ಲೇ ಮಾತನಾಡುವ ಅವರ ಪೊಲೀಸ್ ಅಧಿಕಾರಿ ಹಾವಿಯೆರ್, ತಾನು ಕೊಡುವ ಮಾಹಿತಿಗೆ ಪ್ರತಿಯಾಗಿ ಅಮೆರಿಕನ್ನರಲ್ಲಿ ಕೇಳುವುದು ತನ್ನ ಊರಿನ ಮಕ್ಕಳು ರಾತ್ರಿಯೂ ಬೇಸ್‌ಬಾಲ್ ಆಡಲು ಮೈದಾನಕ್ಕೆ ದೀಪಗಳನ್ನು. ಕೊನೆಯಲ್ಲಿ ಆ ದೀಪಗಳು ಉರಿಯುತ್ತವೆ. ಅವನು ಪ್ರೇಕ್ಷಕರ ನಡುವೆ ಕುಳಿತು ಸುಮ್ಮನೆ ಆಟ ನೋಡುತ್ತಾನೆ.