ಒಂದು ಸಾಲು ಹೊಲಿದ ದಿನ

"ಇಲ್ಲಿ ಯಾರೂ ಯಾರನ್ನೂ ಇದೇನು, ಯಾಕೆ ಅಂತ ಕೇಳಬಾರದು. ತೋರಿಸಬೇಕು ಅನಿಸಿದರೆ ತೋರಿಸಿ. ಇಲ್ಲದಿದ್ದರೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೋಗಿ."

ಶಿಬಿರ ಶುರುವಾಗಿದ್ದೇ ಈ ಮಾತಿನಿಂದ. ನಡೆಸಿಕೊಟ್ಟವರು ಒಬ್ಬ ಕಲಾವಿದೆ, ಟ್ರಾನ್ಸ್ ಮಹಿಳೆ. ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುತ್ತಿದ್ದೆವು. ಕ್ವಿಯರ್ ಆಗಿರುವ, ಅಂದರೆ ಸಲಿಂಗ ಪ್ರೇಮಿಗಳು, ಟ್ರಾನ್ಸ್ ವ್ಯಕ್ತಿಗಳು ಹೀಗೆ ಒಂದಷ್ಟು ಜನ ಇಡೀ ದಿನ ಒಟ್ಟಿಗೆ ಕೂತು ಕೈಯಾರೆ ಏನಾದರೂ ಮಾಡುವುದು, ಅಷ್ಟೇ. ಬಣ್ಣ, ಜೇಡಿಮಣ್ಣು, ಬಟ್ಟೆ, ಹಳೇ ಪತ್ರಿಕೆ ಎಲ್ಲ ಹರಡಿಟ್ಟಿದ್ದರು. ನಾನು ಸೂಜಿ ದಾರ ತಗೊಂಡೆ. ಪೆನ್ನು ಮುಟ್ಟುವುದಿಲ್ಲ ಅಂತ ಬರುವಾಗಲೇ ನಿರ್ಧರಿಸಿದ್ದೆ.

ಅದಕ್ಕೆ ಕಾರಣ ಇದೆ. ಕಾಲೇಜು ಸೇರಿದ ಹೊಸತರಲ್ಲಿ ಡೈರಿ ಬರೆಯುತ್ತಿದ್ದೆ. ಜೊತೆಗೆ ಓದುತ್ತಿದ್ದ ಹುಡುಗಿಯೊಬ್ಬಳ ಬಗ್ಗೆಯೇ ಜಾಸ್ತಿ. ಅದು ಅಣ್ಣನ ಕೈಗೆ ಸಿಕ್ಕಿತು. ನೆಂಟರೆಲ್ಲ ಕೂತಿದ್ದಾಗ ಅವನು ಅದನ್ನು ಗಟ್ಟಿಯಾಗಿ ಓದಿದ. ಕೆಲವರು ನಕ್ಕರು. ಅಮ್ಮ ಎದ್ದು ಒಳಗೆ ಹೋದರು. ಆಮೇಲೆ ನನ್ನನ್ನು 'ಸರಿ ಮಾಡಲು' ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದರು. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದಿದ್ದು 1990ರಲ್ಲಿ. ನನ್ನನ್ನು ಕರೆದೊಯ್ದಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ. ಅಲ್ಲಿ ಏನೇನಾಯಿತು ಅಂತ ಇಲ್ಲಿ ಬರೆಯುವುದಿಲ್ಲ.

ಬೆಳಿಗ್ಗೆ ಅಕ್ಕ ಏಡ್ಸ್‌ನಿಂದ ಸತ್ತವರ ನೆನಪಿಗೆ ಹೊಲಿದ ಕೌದಿಯ ಚಿತ್ರಗಳನ್ನು ತೋರಿಸಿದರು. 1987ರ ಅಕ್ಟೋಬರ್ 11ರಂದು ಅಮೆರಿಕದ ವಾಷಿಂಗ್ಟನ್ನಿನಲ್ಲಿ ಅದನ್ನು ಮೊದಲ ಸಲ ನೆಲದ ಮೇಲೆ ಹಾಸಿದರು. ಅವತ್ತು ಅದರಲ್ಲಿ 1,920 ತುಂಡುಗಳಿದ್ದವು. ಒಂದೊಂದೂ ಮೂರು ಅಡಿ ಅಗಲ, ಆರು ಅಡಿ ಉದ್ದ. ಅಂದರೆ ಹೆಚ್ಚುಕಮ್ಮಿ ಒಂದು ಸಮಾಧಿಯ ಅಳತೆ. ಸತ್ತವರಲ್ಲಿ ಎಷ್ಟೋ ಜನರನ್ನು ಮನೆಯವರೇ ದೂರ ಮಾಡಿದ್ದರು. ಮಣ್ಣು ಮಾಡುವುದಕ್ಕೂ ಹಿಂಜರಿದವರಿದ್ದರು. ಹಾಗಾಗಿ ಗೆಳೆಯರು, ಸಂಗಾತಿಗಳು ಕೂತು ಅವರ ಹೆಸರುಗಳನ್ನು ಹೊಲಿದರು. ಅವರಲ್ಲಿ ಹೊಲಿಗೆ ಗೊತ್ತಿಲ್ಲದವರೂ ಇದ್ದರಂತೆ. ಚಿತ್ರ ನೋಡುತ್ತಾ ನನ್ನ ಪಕ್ಕದಲ್ಲಿದ್ದ ಹುಡುಗ ಸುಮ್ನೆ ಅಳುತ್ತಿದ್ದ. ಯಾರೂ ಏನೂ ಕೇಳಲಿಲ್ಲ.

ನಾನು ಬಿಳಿ ಬಟ್ಟೆಯನ್ನು ಫ್ರೇಮಿಗೆ ಬಿಗಿದು ಕೂತೆ. ಏನು ಹೊಲಿಯುವುದು? ತಲೆಯಲ್ಲಿ ಇದ್ದದ್ದು ಒಂದೇ ಸಾಲು. ಅಣ್ಣ ಓದಿದಾಗ ಎಲ್ಲಕ್ಕಿಂತ ಜೋರಾಗಿ ನಗು ಬಂದ ಸಾಲು. 'ಅವಳು ನಕ್ಕ ದಿನ ನನಗೆ ಮನೆಗೆ ಹೋಗುವ ಆತುರ ಇರುವುದಿಲ್ಲ.' ಪೆನ್ಸಿಲ್ಲಿನಲ್ಲಿ ತೆಳ್ಳಗೆ ಗುರುತು ಹಾಕಿಕೊಂಡೆ. ಕೈ ನಡುಗುತ್ತಿತ್ತು. ನೀಲಿ ದಾರ, ಬ್ಯಾಕ್ ಸ್ಟಿಚ್. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. 'ಅ' ಅಕ್ಷರದ ಹೊಟ್ಟೆ ಸುತ್ತಿ ಬರುವಷ್ಟರಲ್ಲೇ ಕುತ್ತಿಗೆ ನೋಯತೊಡಗಿತು. 'ನಕ್ಕ' ಬರೆಯುವಾಗ ಕೆಳಗಿನ ಒತ್ತು ಸೊಟ್ಟಗಾಯಿತು. ಬಿಚ್ಚಿದೆ, ಮತ್ತೆ ಹೊಲಿದೆ.

ಅಣ್ಣ ಆ ಸಾಲನ್ನು ಓದಿ ಮುಗಿಸಲು ಒಂದು ಉಸಿರು ಸಾಕಾಗಿತ್ತು. ನನಗೆ ಇಡೀ ಮಧ್ಯಾಹ್ನ ಹಿಡಿಯಿತು. ಎಲ್ಲಿ ನಿಲ್ಲಿಸಬೇಕು, ಯಾವಾಗ ನೀರು ಕುಡಿದು ಬರಬೇಕು, ಯಾವ ಅಕ್ಷರ ಬಿಚ್ಚಬೇಕು, ಎಲ್ಲ ನನ್ನ ಇಷ್ಟ. ಹಾಗೆ ಹೊಲಿಯುತ್ತಾ ಹೊಲಿಯುತ್ತಾ ಒಂದು ವಿಷಯ ಹೊಳೆಯಿತು. ಅದು ಚೆನ್ನಾಗಿರುವ ಸಾಲು! ಆ ವಯಸ್ಸಿನ ಹುಡುಗಿ ಅಷ್ಟು ನೇರವಾಗಿ, ಅಷ್ಟು ಚೆಂದವಾಗಿ ಬರೆದಿದ್ದಳು. ಇಷ್ಟು ವರ್ಷ ಅದನ್ನು ಸಿಕ್ಕಿಬಿದ್ದ ಸಾಕ್ಷಿಯ ಹಾಗೆ ನೋಡಿದ್ದೆನೇ ಹೊರತು ನಾನೇ ಬರೆದ ಸಾಲು ಅಂತ ನೋಡಿರಲಿಲ್ಲ.

ಮನಸ್ಸಿನಲ್ಲಿರುವುದನ್ನು ಹೊರಗೆ ಹಾಕಿದರೆ ಹಗುರ ಆಗುತ್ತದೆ ಅಂತಾರಲ್ಲ, ಅವತ್ತು ಸಂಜೆ ನನಗೆ ಹಗುರ ಆಗಲಿಲ್ಲ. ಮನೆಗೆ ಬಂದು ಅತ್ತೆ. ಆಮೇಲೆ ಜೇಮ್ಸ್ ಪೆನ್ನಿಬೇಕರ್ ಎಂಬ ಮನಶ್ಶಾಸ್ತ್ರಜ್ಞರ ಬಗ್ಗೆ ಓದಿದೆ. ಅವರು 1986ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದಿದ್ದರು. ತಮ್ಮ ಬದುಕಿನ ದೊಡ್ಡ ಆಘಾತದ ಬಗ್ಗೆ ಬರೆದವರಿಗೆ ಬರೆದ ಕೂಡಲೇ ಬೇಜಾರು ಹೆಚ್ಚಾಗಿತ್ತು. ಆದರೆ ನಡೆದದ್ದನ್ನೂ ಅದರಿಂದ ಆದ ನೋವನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋಗುವುದು ಕಡಿಮೆಯಾಯಿತಂತೆ. ನನ್ನ ಅಳು ಏನೋ ಕೆಟ್ಟಿದ್ದರಿಂದ ಬಂದದ್ದಲ್ಲ ಅಂತ ಧೈರ್ಯ ಬಂತು. ಹಾಗಂತ ಕಲೆಯೊಂದೇ ಸಾಕು ಅಂತ ನಾನು ಹೇಳುವುದಿಲ್ಲ. ಪಕ್ಕದ ಕೋಣೆಯಲ್ಲಿ ಅಕ್ಕ ಒಬ್ಬ ಕೌನ್ಸೆಲರನ್ನು ಕೂರಿಸಿದ್ದರು. ಅವತ್ತು ನಮ್ಮಲ್ಲಿ ಕೆಲವರಿಗೆ ಅವರೇ ಬೇಕಾಗಿತ್ತು.

ಇನ್ನೊಂದು ಮಾತು. ಕ್ವಿಯರ್ ಕಲಾವಿದರು ಅಂದರೆ ಜನ ಮೊದಲು ನೋವಿನ ಕತೆ ಕೇಳುತ್ತಾರೆ. ಗಾಯ ತೋರಿಸಿದರೆ ಮಾತ್ರ ವೇದಿಕೆ, ಚಪ್ಪಾಳೆ. ಇದು ನನಗೆ ಸಿಟ್ಟು ತರಿಸುತ್ತದೆ. ಅಮೆರಿಕದ ಕಲಾವಿದ ಫೆಲಿಕ್ಸ್ ಗೊನ್ಜಾಲೆಜ್ ಟೊರೆಸ್ 1991ರಲ್ಲಿ ತನ್ನ ಸಂಗಾತಿ ರಾಸ್ ನೆನಪಿಗೆ ಬಣ್ಣದ ಕಾಗದ ಸುತ್ತಿದ ಮಿಠಾಯಿಗಳ ರಾಶಿ ಮಾಡಿದ. 175 ಪೌಂಡ್, ಅಂದರೆ ಸುಮಾರು 80 ಕಿಲೋ. ರಾಸ್ ಆರೋಗ್ಯವಾಗಿದ್ದಾಗಿನ ತೂಕ ಅದು ಎಂದು ಹಲವರು ಹೇಳುತ್ತಾರೆ. ನೋಡಲು ಬಂದವರು ಒಂದೊಂದೇ ತಗೊಂಡು ಬಾಯಿಗೆ ಹಾಕಿಕೊಳ್ಳಬಹುದು. ರಾಶಿ ಕರಗಿದರೆ ಮತ್ತೆ ತುಂಬಿಸಬಹುದು. ಏಡ್ಸ್ ರಾಸ್‌ನನ್ನು ಹೇಗೆ ಕರಗಿಸಿತು ಅಂತ ಆ ಕಲಾಕೃತಿಯಲ್ಲಿ ಅವನು ವರ್ಣಿಸಲಿಲ್ಲ. ಎಷ್ಟು ಹೇಳಬೇಕು ಅನ್ನುವುದನ್ನು ತಾನೇ ತೀರ್ಮಾನಿಸಿದ.

ಸಂಜೆ ಗೋಡೆಗೆ ಹಗ್ಗ ಕಟ್ಟಿ, ಇಷ್ಟ ಇದ್ದವರು ಮಾಡಿದ್ದನ್ನು ತೂಗುಹಾಕಿದರು. ನಾನು ನನ್ನ ಬಟ್ಟೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ. ಅಕ್ಕ ನೋಡಿ, "ಸರಿ ಕಣೇ" ಅಂದರು. ಈಗ ಮತ್ತೆ ಬರೆಯುತ್ತಿದ್ದೇನೆ, ಪೆನ್ನಿನಲ್ಲೇ. ಬಟ್ಟೆಯನ್ನು ಇಲ್ಲಿಯವರೆಗೆ ನೋಡಿರುವುದು ನನ್ನ ಸಂಗಾತಿ ಒಬ್ಬಳೇ. ತೋರಿಸು ಅಂತ ಅವಳು ಕೇಳಿರಲಿಲ್ಲ. ನಾನಾಗಿಯೇ ತೋರಿಸಿದೆ.