ಕಾರಿನ ಕಂಪ್ಯೂಟರ್: ಕೀಂ ಸದ್ದಿನ ಬುಡ ಸಿಕ್ಕಿತು

ಕಾರಿಗೆ ಕಂಪ್ಯೂಟರ್ ಕೂರಿಸಿದಂದಿನಿಂದ ಸ್ಪೀಕರಿನಲ್ಲಿ ಹಾಡಿನ ಜೊತೆ ಬರುತ್ತಿದ್ದ ಕೀಂ ಸದ್ದು ಹೋಯಿತು ಮಾರಾಯ್ರೆ. ಇಂಜಿನ್ ಓಡುತ್ತಿದೆ, ಹೆಡ್‌ಲೈಟ್ ಉರಿಯುತ್ತಿದೆ, ಬ್ಲೋವರ್ ಮೂರರಲ್ಲಿದೆ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲು ತಿರುಗಿದೆ. ಇಷ್ಟಾದರೂ ಸ್ಪೀಕರಿನಿಂದ ಬರುವುದು ಭಾಗವತರ ಪದ್ಯ ಮಾತ್ರ. ಆಕ್ಸಿಲರೇಟರ್ ತುಳಿದಾಗಲೆಲ್ಲ ಶ್ರುತಿ ಏರಿಸಿಕೊಂಡು ಹಾಡುತ್ತಿದ್ದ ಆ ಎರಡನೇ ಭಾಗವತ ರಂಗಸ್ಥಳ ಬಿಟ್ಟು ಚೌಕಿ ಸೇರಿದ.

ಕಾರಿನಲ್ಲಿ ಏನೇನು ಕೂತಿದೆ ಎಂದು ಮೊದಲು ಚುಟುಕಾಗಿ ಹೇಳಿಬಿಡುತ್ತೇನೆ. ಹಳೆ ವ್ಯಾಗನ್ ಆರ್‌ನ ಸೀಟಿನಡಿ ಇಂಟೆಲ್ ನಕ್ ಎಂಬ ಪುಟ್ಟ ಕಂಪ್ಯೂಟರ್ ಕೂತಿದೆ, ಡ್ಯಾಶ್ ಮೇಲೆ ಏಳಿಂಚಿನ ಟಚ್ ಸ್ಕ್ರೀನ್, ಒಳಗೆ ಡೆಬಿಯನ್ ಲಿನಕ್ಸ್, ಅದರ ಮೇಲೆ ಹಾಡು, ವಿಡಿಯೊ ನುಡಿಸುವ ಕೋಡಿ. ನನ್ನ ಹತ್ತಿರ ಇರುವ ನಕ್ 12ರಿಂದ 19 ವೋಲ್ಟಿನವರೆಗೆ ಏನು ಕೊಟ್ಟರೂ ನುಂಗುತ್ತದೆ. ಆದರೆ ಸ್ಟಾರ್ಟ್ ಹೊಡೆಯುವಾಗ ಬ್ಯಾಟರಿ 9 ವೋಲ್ಟಿಗೆ ಬೀಳುವುದರಿಂದ ಮಧ್ಯೆ ವೋಲ್ಟೇಜನ್ನು ಏರಿಸಿ ಇಳಿಸಿ ಒಂದೇ ಮಟ್ಟದಲ್ಲಿಡುವ ಬಕ್-ಬೂಸ್ಟ್ ಕನ್ವರ್ಟರ್ ಇದೆ. ಕೀ ತೆಗೆದ ಮೇಲೆ ಸಿಸ್ಟಮ್ ತಾನೇ ಶಟ್‌ಡೌನ್ ಆಗುತ್ತದೆ. ಫ್ಯೂಸ್, ಕ್ರಿಂಪಿಂಗ್, ಸ್ಕ್ರೀನಿನ ಬ್ರಾಕೆಟ್ ಇವನ್ನೆಲ್ಲ ಬರೆಯುವುದಿಲ್ಲ, ನಿಮಗೆ ಗೊತ್ತಿರುವುದೇ. ಹಳೆ ಸ್ಟೀರಿಯೊವನ್ನು ಮಾತ್ರ ತೆಗೆಯಲಿಲ್ಲ. ಅದರಲ್ಲಿ ಆಂಪ್ಲಿಫೈಯರ್ ಉಂಟು, ಆಕಾಶವಾಣಿ ಬರುತ್ತದೆ, ಮನೆಯವರಿಗೆ ಅದರ ಗುಂಡಿಗಳು ಅಭ್ಯಾಸ. ನಕ್‌ನ ಹೆಡ್‌ಫೋನ್ ಜ್ಯಾಕಿನಿಂದ ಸ್ಟೀರಿಯೊ ಹೊರಗಿನ ಹಾಡು ತೆಗೆದುಕೊಳ್ಳುವ ಸಾಕೆಟ್ಟಾದ ಆಕ್ಸ್‌ಗೆ ಒಂದು ಕೇಬಲ್, ಅಷ್ಟೇ. ಪೀಡೆಯೂ ಆ ಕೇಬಲಿನ ಜೊತೆಯಲ್ಲೇ ಬಂತು.

ಫೋನ್ ಇರುವಾಗ ಇದೆಲ್ಲ ಯಾಕೆ ಅನ್ನುವವರಿಗೆ ನನ್ನ ಉತ್ತರ ತಾಳಮದ್ದಲೆ. ಕ್ಯಾಸೆಟ್ಟಿನಿಂದ ಇಳಿಸಿದ ಸಂಗ್ರಹ ಎಸ್‌ಎಸ್‌ಡಿ ತುಂಬ ಇದೆ, ಘಟ್ಟದಲ್ಲಿ ನೆಟ್‌ವರ್ಕ್ ಇಲ್ಲ. ಸಿನಿಮಾ ಹಾಡಾಗಿದ್ದರೆ ಸದ್ದು ಸದ್ದಿನಲ್ಲಿ ಮುಚ್ಚಿಹೋಗುತ್ತಿತ್ತು. ಇಲ್ಲಿ ಹಾಗಲ್ಲ. ಕರ್ಣ ಒಂದು ಪ್ರಶ್ನೆ ಎಸೆದು ಸುಮ್ಮನಾಗುತ್ತಾನೆ, ಕೃಷ್ಣ ಉತ್ತರಕ್ಕೆ ಬಾಯಿ ತೆರೆಯುವ ಮೊದಲು ಒಂದು ಬಿಡುವು. ಆ ಬಿಡುವಿನಲ್ಲಿ 'ಕೀಂ...' ಗೇರ್ ಬದಲಿಸಿದರೆ 'ಕೂಂ...' ಅರ್ಥಗಾರಿಕೆಯ ಮಾನ ಹೋಯಿತು.

ಇದು ಆಲ್ಟರ್ನೇಟರಿನ, ಅಂದರೆ ಇಂಜಿನ್ ತಿರುಗಿಸಿ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಸದ್ದೇ ಎಂದು ಖಾತ್ರಿ ಮಾಡಿಕೊಳ್ಳಲು ಫೋನಿನಲ್ಲಿ ಸದ್ದಿನ ಫ್ರೀಕ್ವೆನ್ಸಿಯನ್ನು ಗೆರೆಯಾಗಿ ತೋರಿಸುವ ಸ್ಪೆಕ್ಟ್ರಾಯ್ಡ್ ಆ್ಯಪ್ ಹಾಕಿ ಸ್ಪೀಕರಿನ ಎದುರು ಹಿಡಿದೆ. ಗಾಡಿ ನಿಂತು ಇಂಜಿನ್ ಸುಮ್ಮನೆ ಓಡುವ ಐಡಲ್‌ನಲ್ಲಿ 1200 ಹರ್ಟ್ಜ್ ಹತ್ತಿರ ಚೂಪಾದ ಗೆರೆ, 2500 ಆರ್‌ಪಿಎಂನಲ್ಲಿ ಅದೇ ಗೆರೆ 3600ರ ಆಸುಪಾಸಿಗೆ. ಲೆಕ್ಕ ಸರಿಯಾಗಿ ಕೂರುತ್ತದೆ. ಪುಲ್ಲಿಗಳ ಅಳತೆ ತೆಗೆದರೆ ಇಂಜಿನ್ ಒಂದು ಸುತ್ತು ಬರುವಷ್ಟರಲ್ಲಿ ಆಲ್ಟರ್ನೇಟರ್ ಸುಮಾರು 2.4 ಸುತ್ತು. ಹನ್ನೆರಡು ಧ್ರುವದ ರೋಟರ್, ಮೂರು ಫೇಸು, ಕರೆಂಟನ್ನು ಒಂದೇ ದಿಕ್ಕಿಗೆ ತಿರುಗಿಸುವ ಆರು ಡಯೋಡು, ಅಂದರೆ ಅದರ ಒಂದೊಂದು ಸುತ್ತಿಗೆ 36 ಅಲೆ. 2500 ಅನ್ನು 2.4ರಿಂದ ಗುಣಿಸಿದರೆ ನಿಮಿಷಕ್ಕೆ 6000, ಸೆಕೆಂಡಿಗೆ 100 ಸುತ್ತು, ಮೂವತ್ತಾರರಿಂದ ಗುಣಿಸಿದರೆ 3600. ಮನುಷ್ಯನ ಕಿವಿ ಅತಿ ಸೂಕ್ಷ್ಮವಾಗಿ ಕೇಳುವ ಜಾಗವೂ ಸರಿಸುಮಾರು ಅದೇ. ಬೇಕೆಂದೇ ಆರಿಸಿಕೊಂಡ ಹಾಗೆ.

ನಮ್ಮೂರಿನ ಆಟೋ ಎಲೆಕ್ಟ್ರಿಷಿಯನ್ ಕೇಳಿದ ಕೂಡಲೇ ತೀರ್ಪು ಕೊಟ್ಟರು. "ಡೈನಮೋದ ಡಯೋಡ್ ಹೋಗಿದೆ ಮಾರಾಯ್ರೆ, ಇಳಿಸಿ ನೋಡುವ." ಇಳಿಸುವುದು ಬೇಡ ಅಣ್ಣ ಎಂದು ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಬ್ಯಾಟರಿ ಮೇಲೆ ಇಟ್ಟೆ. ಡಯೋಡ್ ಸುಟ್ಟಿದ್ದರೆ ಅರ್ಧ ವೋಲ್ಟಿನ ಹತ್ತಿರ ತೋರಿಸಬೇಕಿತ್ತು, ತೋರಿಸಿದ್ದು 40 ಮಿಲಿವೋಲ್ಟ್. ಡೈನಮೋ ನಿರಪರಾಧಿ. ಅಣ್ಣನಿಗೆ ಸ್ವಲ್ಪ ಬೇಸರವಾಯಿತು.

ಅಂಗಡಿಗಳಲ್ಲಿ ಇದಕ್ಕೆ ಎರಡು ರೆಡಿಮೇಡ್ ಮದ್ದು ಸಿಗುತ್ತವೆ. ಒಂದು ಪವರ್ ಲೈನಿಗೆ ಹಾಕುವ ನಾಯ್ಸ್ ಫಿಲ್ಟರ್, ಕಾಯಿಲ್ ಮತ್ತು ಕೆಪಾಸಿಟರಿನ ಡಬ್ಬಿ. ನಕ್‌ನ ಲೈನಿಗೆ ಹಾಕಿದೆ, ಕೂದಲಿನಷ್ಟೂ ವ್ಯತ್ಯಾಸ ಇಲ್ಲ. ಫಿಲ್ಟರ್ ಕೂರುವುದು ಪ್ಲಸ್ಸಿನಲ್ಲಿ, ಕೊಳೆ ಬರುತ್ತಿದ್ದದ್ದು ಮೈನಸ್ಸಿನಲ್ಲಿ. ಇನ್ನೊಂದು ಆಕ್ಸ್ ಕೇಬಲಿನ ಮಧ್ಯೆ ಸಿಕ್ಕಿಸುವ ಗ್ರೌಂಡ್ ಲೂಪ್ ಐಸೊಲೇಟರ್, ಎರಡು ಕಡೆಯ ಮೈನಸ್ಸನ್ನು ಬೇರ್ಪಡಿಸಿ ಹಾಡನ್ನು ಮಾತ್ರ ದಾಟಿಸುವ ಡಬ್ಬಿ. ಇದನ್ನು ಹಾಕಿದ ಕೂಡಲೇ ಕೀಂ ಸದ್ದು ಮಾಯ! ಜೊತೆಗೆ ಮದ್ದಳೆಯ ಎಡಗೈಯ ಘುಂಕಾರವೂ ಮಾಯ. ಒಳಗಿನ ಟ್ರಾನ್ಸ್‌ಫಾರ್ಮರುಗಳು ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡವು, ಕೆಳಗಿನ ಫ್ರೀಕ್ವೆನ್ಸಿ ಬಂದರೆ ಕೋರ್ ತುಂಬಿಹೋಗಿ ಕೈಚೆಲ್ಲುತ್ತವೆ. ಹತ್ತರಲ್ಲಿ ಒಂಬತ್ತು ಜನ ಇಲ್ಲಿಗೆ ನಿಲ್ಲಿಸುತ್ತಾರೆ, ನಿಲ್ಲಿಸಿ ಅಂತ ಸಲಹೆಯನ್ನೂ ಕೊಡುತ್ತಾರೆ. ನನಗೆ ಆ ಡಬ್ಬಿ ಕಂಡರೆ ಆಗುವುದಿಲ್ಲ. ಅದು ರೋಗ ಮುಚ್ಚುತ್ತದೆ. ಎಷ್ಟು ದೊಡ್ಡ ರೋಗ ಮುಚ್ಚಿಡಲು ಹೊರಟಿತ್ತು ಎನ್ನುವುದು ಮುಂದೆ ಬರುತ್ತದೆ.

ಆಮೇಲೆ ಅರ್ತಿನ, ಅಂದರೆ ಕರೆಂಟ್ ಕಾರಿನ ಬಾಡಿಯ ಮೂಲಕ ಬ್ಯಾಟರಿ ಮೈನಸ್ಸಿಗೆ ಮರಳುವ ದಾರಿಯ ಕೆಲಸಕ್ಕೆ ಕೈ ಹಾಕಿದೆ. ನಕ್‌ನ ಅರ್ತನ್ನು ಸೀಟಿನ ಬೋಲ್ಟಿನಿಂದ ಬಿಡಿಸಿ ನೇರ ಬ್ಯಾಟರಿ ಮೈನಸ್ಸಿಗೆ ಎಳೆಯೋಣ ಎಂದು 4 ಸ್ಕ್ವೇರ್ ಎಂಎಂ ವೈರ್ ಆರ್ಡರ್ ಮಾಡಿದ್ದೆ. ಬಂದ ಸುರುಳಿ ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸಿತು. ತುದಿಯ ಒಂದು ಎಳೆ ಬಿಡಿಸಿ ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣ ಪುಡಿಯಾಗಿ ಉದುರಿ ಒಳಗೆ ಬಿಳಿ. ಎರಡು ಸಲ ಮಡಚಿದ್ದಕ್ಕೆ ಎಳೆ ಪಟ್ ಅಂತ ಮುರಿಯಿತು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ! ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟು, ಕರಾವಳಿಯ ಉಪ್ಪುಗಾಳಿಗೆ ವೈರಿನ ತುದಿಗೆ ಒತ್ತುವ ಲೋಹದ ಬಳೆಯ, ಅಂದರೆ ಲಗ್ಗಿನ, ಬುಡದಲ್ಲಿ ಬೂಷ್ಟು ಗ್ಯಾರಂಟಿ. ಮಾರಿದವರಿಗೆ ಫೋಟೊ ಕಳಿಸಿದರೆ "ಸರ್, ವೈರ್ ವರ್ಕಿಂಗ್ ಅಲ್ವಾ?" ಎಂಬ ಉತ್ತರ. ವರ್ಕಿಂಗ್ ಹೌದು, ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದೆ. ಅಸಲಿ ತಾಮ್ರ ಬೆಂಗಳೂರಿನ ಎಸ್‌ಪಿ ರೋಡಿನಿಂದ ಭಾವನ ಕೈಯಲ್ಲಿ ಬಂತು. ತರುವ ಮೊದಲು ಕೆರೆದು ನೋಡಿ ಎಂದು ಹೇಳಿದ್ದಕ್ಕೆ ಅವರು ಅಂಗಡಿಯವನ ಎದುರೇ ಕೆರೆದರಂತೆ.

ಅಸಲಿ ವೈರಿನಲ್ಲಿ ನೇರ ಬ್ಯಾಟರಿಗೆ ಅರ್ತ್ ಕೊಟ್ಟಾಗ ಸದ್ದು ಕಡಿಮೆಯಾಗಲಿಲ್ಲ, ಹೆಚ್ಚಾಯಿತು! ತಲೆ ಕೆಟ್ಟು ಒಂದು ರಾತ್ರಿ ಬಿಟ್ಟೇಬಿಟ್ಟೆ. ಆದರೆ ಕೇಸು ತಿರುಗಿದ್ದು ಇಲ್ಲೇ. ನಕ್‌ನ ಅರ್ತ್ ಚೆನ್ನಾದಷ್ಟೂ ಸದ್ದು ಜಾಸ್ತಿ ಎಂದರೆ ಕೆಟ್ಟಿರುವುದು ನಕ್‌ನ ಅರ್ತಲ್ಲ, ಆಚೆ ತುದಿಯ ಸ್ಟೀರಿಯೊದ್ದು. ಆಚೆಯವನು ತನ್ನ ಅರ್ತಿಗೆ ನನ್ನ ದಾರಿ ಹಿಡಿಯುತ್ತಿದ್ದಾನೆ.

ಸ್ಟೀರಿಯೊದ ಅರ್ತ್ ಮೊದಲೇ ಮೀಟರಿನಲ್ಲಿ ನೋಡಿದ್ದೆ, ಬೀಪ್ ಚೆನ್ನಾಗಿಯೇ ಬಂದಿತ್ತು. ಬೀಪ್ ನಂಬುವ ಹಾಗಿಲ್ಲ ಎಂದು ಈಗ ಬೇರೆ ರೀತಿ ನೋಡಿದೆ. ಮೀಟರ್ 200 ಮಿಲಿವೋಲ್ಟ್ ರೇಂಜಿಗೆ, ಒಂದು ಪ್ರೋಬ್ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಸ್ಟೀರಿಯೊದ ತಗಡಿಗೆ, ಚೆಂಡೆಯ ಪೆಟ್ಟು ಜೋರಾಗಿ ಬರುವ ಟ್ರ್ಯಾಕ್ ಹಾಕಿ. ಕರೆಂಟ್ ಹರಿಯುತ್ತಿರುವಾಗಲೇ ಅರ್ತಿನ ಯೋಗ್ಯತೆ ಗೊತ್ತಾಗುವುದು. 38 ಮಿಲಿವೋಲ್ಟ್, ಚೆಂಡೆ ಬಿದ್ದಾಗಲೆಲ್ಲ ಮೇಲೆ ಜಿಗಿಯುತ್ತದೆ. ಹಿಂದಿನಿಂದ ಎಫ್‌ಎಂ ಆಂಟೆನಾದ ಪಿನ್ ಎಳೆದೆ. 190! ಆಂಟೆನಾಕ್ಕೂ ಅರ್ತಿಗೂ ಏನು ಸಂಬಂಧ ಎಂದುಕೊಳ್ಳುತ್ತಲೇ ಆಕ್ಸ್ ಕೇಬಲನ್ನೂ ಎಳೆದೆ.

ಸ್ಟೀರಿಯೊ ಆಫ್ ಆಯಿತು.

ಡಿಸ್‌ಪ್ಲೇ ಕಪ್ಪು, ಸ್ಪೀಕರ್ ಮೂಕ. ಆಕ್ಸ್ ಸಿಕ್ಕಿಸಿದರೆ ಹತ್ತುತ್ತದೆ, ಎಳೆದರೆ ಆರುತ್ತದೆ. ಅಂದರೆ ಇಡೀ ಸ್ಟೀರಿಯೊ, ಅದರ ಆಂಪ್ಲಿಫೈಯರ್ ಸಮೇತ, ಇಷ್ಟು ವರ್ಷ ಆಂಟೆನಾ ಕೇಬಲಿನ ಜಾಲರಿಯ ಮೂಲಕ ಬಾಡಿ ಅರ್ತ್ ಹುಡುಕಿಕೊಂಡು ಬದುಕಿತ್ತು. ನಾನು ಬಂದು ಆಕ್ಸ್ ಸಿಕ್ಕಿಸಿದ ಮೇಲೆ ಅದಕ್ಕೆ ಎರಡನೇ ದಾರಿ ಸಿಕ್ಕಿತು. ಎರಡು ಮೂರು ಆಂಪಿಯರಿನಲ್ಲಿ ಒಂದು ಪಾಲು ಆಕ್ಸ್ ಕೇಬಲಿನ ಕೂದಲೆಳೆಯಂಥ ಹೊರ ಜಾಲರಿಯಲ್ಲಿ ಹರಿದು, ನಕ್‌ನ ಹೆಡ್‌ಫೋನ್ ಜ್ಯಾಕಿನೊಳಗೆ ನುಗ್ಗಿ, ಅಲ್ಲಿಂದ ಬ್ಯಾಟರಿಗೆ. ಹಾಡಿನ ಸಿಗ್ನಲ್ ಇರುವುದೇ ಒಂದು ವೋಲ್ಟಿನ ಒಳಗೆ. ಅದರ ಅರ್ತಿನಲ್ಲೇ ಹತ್ತಾರು ಮಿಲಿವೋಲ್ಟ್ ಕುಣಿದರೆ ಕೀಂ ಅನ್ನದೆ ಇನ್ನೇನು ಅಂದೀತು? ನಕ್ ಬದಲು ತನ್ನದೇ ಬ್ಯಾಟರಿ ಮೇಲೆ ಓಡುವ ಫೋನನ್ನು ಆಕ್ಸಿಗೆ ಸಿಕ್ಕಿಸಿ ನೋಡಿದಾಗ ಸದ್ದು ಬಂದಿರಲಿಲ್ಲ, ಅದೂ ಇದಕ್ಕೇ. ಫೋನ್ ಕಾರಿನ ಬಾಡಿಯನ್ನು ಎಲ್ಲೂ ಮುಟ್ಟುವುದಿಲ್ಲ, ದಾರಿ ಅಲ್ಲಿಗೇ ಕೊನೆ.

ಐಸೊಲೇಟರ್ ಹಾಕಿ ಸುಮ್ಮನಿದ್ದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಯಾವತ್ತೋ ಆಂಟೆನಾದ ಬುಡ ತುಕ್ಕು ಹಿಡಿದು, ನಾನು ಐಸೊಲೇಟರ್ ತೆಗೆದು ನೇರ ಕೇಬಲ್ ಹಾಕಿದ ದಿನ ಪೂರ್ತಿ ಕರೆಂಟ್ ನಕ್‌ನ ಮದರ್‌ಬೋರ್ಡಿನ ಮೇಲೆ.

ಸ್ಟೀರಿಯೊ ಪೂರ್ತಿ ಹೊರಗೆ ಎಳೆದು ಕಪ್ಪು ವೈರನ್ನು ಬೆರಳಲ್ಲಿ ಹಿಂಬಾಲಿಸಿದೆ. ಹಿಂದಿನ ಮಾಲೀಕರ ಕಾಲದಲ್ಲಿ ಯಾವುದೋ ಆಕ್ಸೆಸರಿ ಅಂಗಡಿಯಲ್ಲಿ ಫಿಟ್ ಆದದ್ದು. ವೈರಿನ ತುದಿ ಸುಲಿದು, ಲಗ್ ಇಲ್ಲದೆ, ಸೆಲ್ಫ್ ಸ್ಕ್ರೂವಿನ ಕುತ್ತಿಗೆಗೆ ಎರಡು ಸುತ್ತು ಸುತ್ತಿ, ದಪ್ಪ ಕಪ್ಪು ಪೇಂಟ್ ಬಳಿದ ಬ್ರಾಕೆಟ್ಟಿಗೆ ತಿರುಪಿದ್ದಾರೆ. ಆ ಬ್ರಾಕೆಟ್ ಕೂತಿರುವುದು ಪ್ಲಾಸ್ಟಿಕ್ ಡ್ಯಾಶಿನ ಮೇಲೆ. ಲೋಹವನ್ನು ಲೋಹ ಮುಟ್ಟುವುದೇ ಇಲ್ಲ! ಮೇಲೆ ಇನ್ಸುಲೇಶನ್ ಟೇಪ್ ಮಾತ್ರ ಬಹಳ ಅಚ್ಚುಕಟ್ಟಾಗಿ ಸುತ್ತಿದ್ದರು, ಅದನ್ನು ಒಪ್ಪಲೇಬೇಕು.

ರಿಪೇರಿ ಸುಲಭ. ಡ್ಯಾಶಿನ ಕೆಳಗಿನ ಅಡ್ಡ ಬೀಮ್ ಬಾಡಿಗೆ ಸೇರುವ ಬೋಲ್ಟ್ ಒಂದಿದೆ. ಅದರ ಸುತ್ತ ಪೇಂಟ್ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ, ಸ್ಟೀರಿಯೊ, ನಕ್, ಸ್ಕ್ರೀನ್ ಮೂರರ ಅರ್ತನ್ನೂ ಲಗ್ ಮೇಲೆ ಲಗ್ ಇಟ್ಟು ಅಲ್ಲೇ ಬಿಗಿದೆ. ಮೇಲೆ ವ್ಯಾಸಲೀನ್, ಮಳೆಗಾಲಕ್ಕೆ. ಬ್ಯಾಟರಿಗೆ ಎಳೆದಿದ್ದ ಉದ್ದ ಅರ್ತ್ ತೆಗೆದೆ, ಒಂದೇ ಕಡೆ ಎಲ್ಲರೂ ಸೇರಿದ ಮೇಲೆ ಅದರ ಕೆಲಸ ಇಲ್ಲ. ಈಗ ನಕ್ ತಗಡಿಗೂ ಸ್ಟೀರಿಯೊ ತಗಡಿಗೂ ನಡುವೆ 1 ಮಿಲಿವೋಲ್ಟೂ ಕಾಣುವುದಿಲ್ಲ. ಎಲೆಕ್ಟ್ರಿಷಿಯನ್ ಅಣ್ಣನನ್ನು ಕೂರಿಸಿಕೊಂಡು ಬೈಪಾಸ್ ತನಕ ಒಂದು ರೌಂಡ್ ಹೋದೆ. "ಆದರೂ ಡೈನಮೋ ಒಮ್ಮೆ ನೋಡಬಹುದಿತ್ತು" ಅಂದರು.

1998ರಲ್ಲಿ ಕ್ಲಾರಿಯನ್ ಕಂಪನಿ ವಿಂಡೋಸ್ ಸಿಇ ಹಾಕಿ ಆಟೋಪಿಸಿ ಎಂಬ ಕಾರಿನ ಕಂಪ್ಯೂಟರ್ ತಂದಾಗ, 2001ರಲ್ಲಿ ವಿಯಾ ಕಂಪನಿಯ ಪುಟ್ಟ ಮಿನಿ-ಐಟಿಎಕ್ಸ್ ಬೋರ್ಡ್ ಬಂದು ಜನ ಮನೆಯಲ್ಲೇ ಕಾರ್ ಪಿಸಿ ಕಟ್ಟತೊಡಗಿದಾಗ ಪ್ರೊಸೆಸರ್ ಸಾಲದು ಎಂಬ ದೂರಿತ್ತು. ಇವತ್ತು ಬೇಕಾದ್ದಕ್ಕಿಂತ ಹೆಚ್ಚಿಗೆ ಪ್ರೊಸೆಸರ್ ಉಂಟು, ಕೈಕೊಡುವುದು ಮಾತ್ರ ಇಂಥ ಸ್ಕ್ರೂಗಳೇ.

ಪೂರ್ತಿ ನಿಶ್ಶಬ್ದ ಎಂದರೆ ಸುಳ್ಳಾದೀತು. ಇಂಜಿನ್ ಆಫ್ ಇರುವಾಗ ಕಿವಿಯನ್ನು ಸ್ಪೀಕರಿಗೆ ಒತ್ತಿ, ಸ್ಕ್ರೀನಿನ ಮೇಲೆ ಬೆರಳು ಎಳೆದರೆ ಸಣ್ಣ ಚರಚರ ಬರುತ್ತದೆ. ಅದು ನಕ್‌ನ ಸ್ವಂತ ಗೊಣಗಾಟ. ಯುಎಸ್‌ಬಿ ಡ್ಯಾಕ್ (ಹೊರಗಿನ ಸೌಂಡ್ ಕಾರ್ಡ್) ಮತ್ತು ಎಡಿಯುಎಂ3160 ಚಿಪ್ಪಿನ ಐಸೊಲೇಟರ್ ಹಾಕಿದರೆ ಹೋಗುತ್ತದೆ. 12 ಮೆಗಾಬಿಟ್ ವೇಗ ಸ್ಟೀರಿಯೊ ಆಡಿಯೋಗೆ ಧಾರಾಳ, ಟ್ರಾನ್ಸ್‌ಫಾರ್ಮರ್ ಡಬ್ಬಿಯ ಹಾಗೆ ಮದ್ದಳೆ ನುಂಗುವುದಿಲ್ಲ. ಸದ್ಯಕ್ಕೆ ಬೇಡ. ತಲೆಯಲ್ಲಿ ಈಗ ಬೇರೆಯೇ ಓಡುತ್ತಿದೆ.

ಚಾರ್ಮಾಡಿ ಹತ್ತುವಾಗ ಇಂಜಿನ್ ಎಷ್ಟು ಬಿಸಿಯಾಗುತ್ತದೆ ಎಂದು ತಿರುವು ತಿರುವಿಗೂ ಸ್ಕ್ರೀನಿನಲ್ಲಿ ಗ್ರಾಫ್ ಬರಬೇಕು. ಮೆಕಾನಿಕ್ ಇಂಜಿನ್ನಿನ ವಿಷಯ ಓದುವ ಓಬಿಡಿ ಸಾಕೆಟ್ ಇದೆ, ಏಳನೇ ಪಿನ್ನಿನಲ್ಲಿ ಕೆ-ಲೈನ್ ಎಂಬ ಡೇಟಾ ವೈರ್, ವೇಗ 10400 ಬಾಡ್ (ಸೆಕೆಂಡಿಗೆ ಅಷ್ಟು ಬಿಟ್). ಲೆಕ್ಕವೂ ಸುಲಭ: ಕೂಲಂಟಿಗೆ ಬಂದ ಬೈಟಿನಿಂದ 40 ಕಳೆದರೆ ಡಿಗ್ರಿ, ಆರ್‌ಪಿಎಂಗೆ ಮೊದಲ ಬೈಟನ್ನು 256ರಿಂದ ಗುಣಿಸಿ ಎರಡನೆಯದನ್ನು ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಆಯಿತು. ಓಬಿಡಿ ಓದಲೆಂದು ಕೈಗೆ ಬಂದ ಅಗ್ಗದ ಇಎಲ್‌ಎಂ327 ನಕಲು ಬ್ಲೂಟೂತಿನಲ್ಲಿ ನಮಸ್ಕಾರ ಹೇಳುತ್ತದೆ, ಇಂಜಿನ್ ನಡೆಸುವ ಕಂಪ್ಯೂಟರ್ ಇಸಿಯು ವಿಷಯ ಕೇಳಿದರೆ ಮೌನವ್ರತ. ಕೆ-ಲೈನಿನ ಭಾಷೆ ಬರುವ ಎಲ್9637 ಚಿಪ್ ತರಿಸಿ ನಾನೇ ಬೋರ್ಡ್ ಮಾಡುವ ಯೋಚನೆ. ಒಂದೇ ಒಂದು ತಕರಾರು: ಆ ಸಾಕೆಟ್ಟಿನ ನಾಲ್ಕನೇ ಪಿನ್ ಒಂದು ಅರ್ತ್, ಐದನೇ ಪಿನ್ ಇನ್ನೊಂದು ಅರ್ತ್. ಕೇಬಲ್ ನಕ್‌ಗೆ ಸಿಕ್ಕಿಸುವ ಮೊದಲು ಮಧ್ಯೆ ಸಿಗ್ನಲನ್ನು ಬೆಳಕಿನಲ್ಲಿ ದಾಟಿಸಿ ಅರ್ತುಗಳನ್ನು ಬೇರೆ ಇಡುವ ಎರಡು ಆಪ್ಟೋಕಪ್ಲರ್ ಕೂರಿಸುತ್ತೇನೆ. ಅದರ ಆರ್ಡರ್ ಹೋಗಿದೆ, ಪಾರ್ಸೆಲ್ ಇನ್ನೂ ಹುಬ್ಬಳ್ಳಿಯಲ್ಲೇ ಸುತ್ತುತ್ತಿದೆಯಂತೆ.